ಕಾರಿನ ಹೊಸ ಕೀ: ಹುಟ್ಟಿಸುವುದು ಸುಲಭ, ಹಳೆಯದನ್ನು ಸಾಯಿಸುವುದೇ ಕೆಲಸ

ನನ್ನ ಮೊದಲ ಕಾರು ಸೆಕೆಂಡ್ ಹ್ಯಾಂಡ್. ಅದರ ಜೊತೆಗೆ ಬಂದದ್ದು ಒಂದೇ ಕೀ. "ಇನ್ನೊಂದು ಮನೆಯಲ್ಲೇ ಎಲ್ಲೋ ಇದೆ, ಸಿಕ್ಕಿದ ತಕ್ಷಣ ತಲುಪಿಸುತ್ತೇನೆ" ಎಂದಿದ್ದರು ಮಾರಿದವರು. ಅದು ಸಿಗಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಕೀ ಮಾಡುವವರೊಬ್ಬರ ಬಳಿ ಹೋಗಿ ಡೂಪ್ಲಿಕೇಟ್ ಮಾಡಿಸಿದೆ. ಅವರು ನನ್ನ ಕೀಯನ್ನು ಅಂಗೈಯಗಲದ ಯಂತ್ರದ ಗುಳಿಯಲ್ಲಿಟ್ಟರು, ಅದು ಬೀಪ್ ಎಂದಿತು. ಹೊಸ ಕೀಯನ್ನಿಟ್ಟರು, ಮತ್ತೊಂದು ಬೀಪ್. ಕಾರಿನ ಹತ್ತಿರ ಬರಲೂ ಇಲ್ಲ. ಎರಡು ಕೀಗಳಿಂದಲೂ ಕಾರು ಸ್ಟಾರ್ಟ್ ಆಯಿತು, ನಾನು ಖುಷಿಯಾಗಿ ಮನೆಗೆ ಬಂದೆ.

ಎರಡು ವರ್ಷವಾದ ಮೇಲೆ ಮೊದಲಿನ ಕೀ ಕಳೆದುಹೋಯಿತು. ಸಿಕ್ಕವರು ಯಾರೋ, ಕಾರು ನಿಲ್ಲುವ ಜಾಗ ಅವರಿಗೆ ಗೊತ್ತೋ ಇಲ್ಲವೋ ಎಂಬ ಅಂಜಿಕೆಯಿಂದ ಸರ್ವೀಸ್ ಸೆಂಟರಿಗೆ ಹೋಗಿ, "ಕಳೆದದ್ದನ್ನು ಕಾರಿನ ಮೆಮೊರಿಯಿಂದ ಅಳಿಸಿಬಿಡಿ" ಎಂದೆ. ತಂತ್ರಜ್ಞ ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ವೈರ್ ಸಿಕ್ಕಿಸಿ ಪರದೆ ನೋಡಿದ. ನೋಂದಾಯಿತ ಕೀಗಳು: 2. ಸರಿಯಾಗಿಯೇ ಇದೆ ಎಂದುಕೊಂಡೆ. ಅವನು ಕೈಯಲ್ಲಿದ್ದ ಕೀಯನ್ನು ತಿರುಗಿಸಿ ನೋಡಿ, "ಸರ್, ಇದನ್ನು ಮಾಡುವಾಗ ಕಾರಿಗೆ ಏನಾದರೂ ಜೋಡಿಸಿದ್ದರೇ?" ಎಂದು ಕೇಳಿದ. ಇಲ್ಲ ಎಂದೆ. "ಹಾಗಾದರೆ ಇದೂ ಕಳೆದದ್ದೂ ಕಾರಿನ ಲೆಕ್ಕದಲ್ಲಿ ಒಂದೇ ಕೀ. ಅದನ್ನು ಅಳಿಸಿದರೆ ಇದೂ ಸತ್ತುಹೋಗುತ್ತದೆ."

ಮತ್ತೆ ಆ ಎರಡನೆಯದು? ಅದು ಮಾರಿದವರ ಮನೆಯಲ್ಲಿ "ಎಲ್ಲೋ ಇರುವ" ಕೀ. ಎರಡು ವರ್ಷ ಅದು ಜೀವಂತವಾಗಿಯೇ ಇತ್ತು.

ಕಾರಿನ ಕೀ ವಿಷಯದಲ್ಲಿ ಎಲ್ಲಿ ಅಗ್ಗ, ಎಲ್ಲಿ ಬೇಗ ಎಂಬ ಪ್ರಶ್ನೆಯನ್ನು ನಾನು ಕೊನೆಗೆ ಕೇಳುತ್ತೇನೆ. ಈ ಕೆಲಸ ಮುಗಿದ ಮೇಲೆ ನನ್ನ ಕಾರು ಯಾವ ಯಾವ ಕೀಗಳಿಗೆ ಓಗೊಡುತ್ತದೆ ಎಂಬುದು ಮೊದಲ ಪ್ರಶ್ನೆ. ಕೆಳಗಿನ ಹೋಲಿಕೆಯನ್ನು ಆ ಪ್ರಶ್ನೆಯ ಬೆನ್ನು ಹಿಡಿದೇ ಬರೆದಿದ್ದೇನೆ.

ಒಂದು ಕೀಯೊಳಗೆ ಮೂರು

ಕೈಯಲ್ಲಿ ಹಿಡಿದಾಗ ಒಂದೇ ವಸ್ತುವಿನಂತೆ ಕಂಡರೂ ಅದರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕೀಗಳಿವೆ. ಬಾಗಿಲಿನ ಬೀಗ ತಿರುಗಿಸುವ ಲೋಹದ ಅಲಗು ಒಂದು. ದೂರದಿಂದ ಬಾಗಿಲು ತೆರೆಯುವ ಗುಂಡಿಗಳ ರಿಮೋಟ್ ಇನ್ನೊಂದು. ಎಂಜಿನ್‌ಗೆ ಅಪ್ಪಣೆ ಕೊಡುವ ಚಿಪ್ ಮೂರನೆಯದು.

ಈ ಚಿಪ್‌ಗೆ ಬ್ಯಾಟರಿ ಬೇಡ. ಇಗ್ನಿಷನ್ ಬೀಗದ ಸುತ್ತ ಇರುವ ತಂತಿಯ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನ ಅಲೆಯನ್ನು ಹೊಮ್ಮಿಸುತ್ತದೆ. ಅದರಿಂದಲೇ ಚಿಪ್ ವಿದ್ಯುತ್ ಪಡೆದು ತನ್ನ ಗುರುತು ಹೇಳುತ್ತದೆ. ಸುಧಾರಿತ ಚಿಪ್‌ಗಳಲ್ಲಿ ಗುರುತು ಹೇಳಿದರಷ್ಟೇ ಸಾಲದು: ಕಾರು ಪ್ರತಿ ಸಲ ಹೊಸ ಸವಾಲು ಹಾಕುತ್ತದೆ, ಚಿಪ್ ತನ್ನೊಳಗಿನ ರಹಸ್ಯ ಸಂಖ್ಯೆಯಿಂದ ಉತ್ತರ ಲೆಕ್ಕ ಹಾಕಿ ಕೊಡಬೇಕು. ಉತ್ತರ ತಪ್ಪಾದರೆ ಎಂಜಿನ್‌ಗೆ ಇಂಧನ ಇಲ್ಲ, ಅಥವಾ ಸ್ಟಾರ್ಟರ್ ತಿರುಗುವುದೇ ಇಲ್ಲ. ಇದಕ್ಕೆ ಇಮ್ಮೊಬಿಲೈಸರ್ ಎಂದು ಹೆಸರು. ಐರೋಪ್ಯ ಒಕ್ಕೂಟ 1998ರ ಅಕ್ಟೋಬರ್‌ನಿಂದ, ಆಸ್ಟ್ರೇಲಿಯಾ 2001ರಿಂದ, ಕೆನಡಾ 2007ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದವು. ಅಮೆರಿಕ ಮಾಡಲಿಲ್ಲ. ಅಲ್ಲಿ 2021ರವರೆಗೂ ಮಾರಾಟವಾದ ಹುಂಡೈ ಮತ್ತು ಕಿಯಾದ ಹಲವು ಕಡಿಮೆ ಬೆಲೆಯ ಮಾದರಿಗಳಲ್ಲಿ ಇಮ್ಮೊಬಿಲೈಸರ್ ಇರಲಿಲ್ಲ. ಯುಎಸ್‌ಬಿ ಕೇಬಲ್‌ನ ತುದಿಯಿಂದ ಅವುಗಳನ್ನು ಸ್ಟಾರ್ಟ್ ಮಾಡುವ ವಿಡಿಯೊಗಳು ಹರಡಿದ ಮೇಲೆ ಕಳವಿನ ಸಾಲು ಹತ್ತಿತು. 2023ರಲ್ಲಿ ಕಂಪನಿಗಳು ಸಾಫ್ಟ್‌ವೇರ್ ತಿದ್ದುಪಡಿ ಕೊಡಬೇಕಾಯಿತು. ಉಗುರಿನ ಅರ್ಧದಷ್ಟಿರುವ ಆ ಚಿಪ್‌ನ ಬೆಲೆ ಗೊತ್ತಾಗುವುದು ಅದು ಇಲ್ಲದಾಗ.

ಮೂರೂ ಬೇರೆ ಬೇರೆ ಎಂಬುದನ್ನು ಮರೆತಾಗಲೇ ಬಹುಪಾಲು ಗೊಂದಲ. ಹೊಸ ಕೀಯ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ: ರಿಮೋಟ್ ನೋಂದಣಿಯಾಗಿದೆ, ಚಿಪ್ ಆಗಿಲ್ಲ. ಇದರ ಉಲ್ಟಾ ಕೂಡ ಆಗುತ್ತದೆ. ಕಳೆದ ಕೀಯ ಚಿಪ್ಪನ್ನು ಅಳಿಸಿದರೂ ಅದರ ಲೋಹದ ಅಲಗು ಬಾಗಿಲು ತೆರೆಯುತ್ತಲೇ ಇರುತ್ತದೆ. ಕಾರು ಹೋಗುವುದಿಲ್ಲ, ಕಾರಿನಲ್ಲಿಟ್ಟ ಲ್ಯಾಪ್‌ಟಾಪ್ ಹೋಗುತ್ತದೆ.

ಅಂದ ಹಾಗೆ, ಹೊಸ ಕೀ ಬೇಕೆಂದು ಹೊರಡುವ ಮೊದಲು ಬ್ಯಾಟರಿ ಬದಲಿಸಿ ನೋಡಿ. ಅನೇಕ ಕೀಗಳಲ್ಲಿ ಇರುವುದು ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ಸಿಆರ್2032 ಬಿಲ್ಲೆ. ಮೊದಮೊದಲು ಹತ್ತಿರ ಹೋದರೆ ಮಾತ್ರ ಬಾಗಿಲು ತೆರೆಯುತ್ತದೆ, ಆಮೇಲೆ ಗುಂಡಿಯನ್ನು ಎರಡು ಮೂರು ಸಲ ಒತ್ತಬೇಕಾಗುತ್ತದೆ. ಬಿಲ್ಲೆ ಸೋಲುತ್ತಿರುವ ಲಕ್ಷಣ ಅದು. ಪೂರ್ತಿ ಸತ್ತರೂ, ಜೇಬಿನಲ್ಲಿದ್ದರೇ ಸಾಕಾಗುವ ಸ್ಮಾರ್ಟ್ ಕೀಯೊಳಗೆ ಅಡಗಿರುವ ಲೋಹದ ಅಲಗಿನಿಂದ ಬಾಗಿಲು ತೆರೆದು, ಕೀಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಅಥವಾ ಕೈಪಿಡಿಯಲ್ಲಿ ಹೇಳಿದ ಜಾಗದಲ್ಲಿಟ್ಟರೆ ಎಂಜಿನ್ ಏಳುತ್ತದೆ.

ನಕಲೋ, ನೋಂದಣಿಯೋ

ನನ್ನ ಕಥೆಯ ಡೂಪ್ಲಿಕೇಟ್ ನಕಲು ಕೀ. ಹಳೆಯ ಚಿಪ್‌ನ ಗುರುತನ್ನು ಓದಿ ಹೊಸ ಚಿಪ್‌ಗೆ ಹಾಗೆಯೇ ಬರೆಯುವುದು ಅದರ ವಿಧಾನ. ಕಾರಿನ ಸಾಫ್ಟ್‌ವೇರ್ ಮುಟ್ಟಬೇಕಿಲ್ಲ, ಕಂಪನಿಯ ಬಳಿ ಇರುವ ಗುಪ್ತ ಸಂಖ್ಯೆ, ಅಂದರೆ ಪಿನ್ ಬೇಕಿಲ್ಲ, ಕೆಲಸವೂ ಬೇಗ. ಹಳೆಯ ಬಗೆಯ ಚಿಪ್‌ಗಳಿರುವ ಕಾರುಗಳಲ್ಲಿ ಇದು ಸಾಧ್ಯ. ಇತ್ತೀಚಿನ ಬಲವಾದ ಗೂಢಲಿಪಿಯ ಚಿಪ್‌ಗಳಲ್ಲಿ ಸುಲಭವಿಲ್ಲ.

ನೋಂದಣಿಯಲ್ಲಿ ಹೊಸ ಚಿಪ್‌ಗೆ ತನ್ನದೇ ಗುರುತು ಇರುತ್ತದೆ. ಸ್ಟಿಯರಿಂಗ್ ಕೆಳಗಿನ ಆ ಡಯಾಗ್ನಸ್ಟಿಕ್ ಸಾಕೆಟ್ ಮೂಲಕ ಕಾರಿಗೆ ಅದನ್ನು ಪರಿಚಯಿಸಬೇಕು, ಅದಕ್ಕೆ ಕಂಪನಿಯ ಪಿನ್ ಅಥವಾ ಸರ್ವರ್‌ನ ಅನುಮತಿ ಬೇಕಾಗಬಹುದು. ಸಮಯ ಹಿಡಿಯುತ್ತದೆ, ಹಣವೂ ಹೆಚ್ಚು. ಆದರೆ ಮುಂದೆ ಅದೊಂದನ್ನೇ ಬೇರೆ ಮಾಡಿ ತೆಗೆಯಬಹುದು.

ಮನೆಯವರಿಗೆ ಒಂದು ಸ್ಪೇರ್ ಇರಲಿ, ಕಳೆದದ್ದು ಯಾವುದೂ ಇಲ್ಲ, ಕಾರೂ ಹಳೆಯದು ಎಂದಾದರೆ ನಕಲು ಸಾಕು. ಕೀ ಕಳೆದ ಮೇಲೆ ಉಳಿದಿರುವ ಕೀಯಿಂದ ನಕಲು ಮಾಡಿಸಿ ಸುಮ್ಮನಾಗುವವರು ಮಾತ್ರ ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆ. ಕಳೆದದ್ದು ಕಾರಿನ ಪಟ್ಟಿಯಲ್ಲಿ ಹಾಗೆಯೇ ಇರುತ್ತದೆ.

ಅಳಿಸುವ ವಿಧಾನದಲ್ಲಿ ಇನ್ನೊಂದು ತೊಡಕು. ಅನೇಕ ಕಾರುಗಳಲ್ಲಿ "ಮೂರನೆಯ ಕೀಯನ್ನು ತೆಗೆ" ಎಂದು ಹೇಳುವ ಸೌಲಭ್ಯವೇ ಇಲ್ಲ. ಎಲ್ಲವನ್ನೂ ಅಳಿಸಿ, ಎದುರಿಗಿರುವ ಕೀಗಳನ್ನು ಒಂದೊಂದಾಗಿ ಮತ್ತೆ ಸೇರಿಸಬೇಕು. ಆ ಹೊತ್ತಿಗೆ ಮನೆಯ ಕಪಾಟಿನಲ್ಲಿ ಉಳಿದ ಒಳ್ಳೆಯ ಕೀಯೂ ಕಳೆದ ಕೀಯ ಜೊತೆಗೇ ಸಾಯುತ್ತದೆ. ಹೋಗುವಾಗ ಇರುವ ಎಲ್ಲ ಕೀಗಳನ್ನೂ ಒಯ್ಯಿರಿ. ಕೆಲಸದ ಮೊದಲು ಪರದೆಯಲ್ಲಿ ಎಷ್ಟು ಕೀಗಳಿದ್ದವು, ಮುಗಿದ ಮೇಲೆ ಎಷ್ಟಿವೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಒಂದು ಕೀ ಉಳಿದಿದ್ದರೆ, ಒಂದೂ ಉಳಿಯದಿದ್ದರೆ

ಇದು ಆಯ್ಕೆಗಳ ದಾರಿಯನ್ನೇ ಬದಲಿಸುವ ವ್ಯತ್ಯಾಸ. ಒಂದು ಕೀ ಕೈಯಲ್ಲಿದ್ದರೆ ಅದು ಸಾಕ್ಷಿಯಂತೆ ನಿಂತು ಹೊಸದನ್ನು ಒಳಗೆ ಕರೆದುಕೊಳ್ಳುತ್ತದೆ. ಕಾರನ್ನು ಓಡಿಸಿಕೊಂಡು ಹೋಗಬಹುದು, ನಾಲ್ಕು ಕಡೆ ವಿಚಾರಿಸಬಹುದು. ಒಂದೂ ಇಲ್ಲದಿದ್ದರೆ ಅದರ ಲೆಕ್ಕವೇ ಬೇರೆ. ಮಾಲೀಕತ್ವದ ದಾಖಲೆ ತೋರಿಸಿ ಚಾಸಿ ಸಂಖ್ಯೆಯ ಮೇಲೆ ಪಿನ್ ತರಿಸಬೇಕು, ಬಾಗಿಲಿನ ಬೀಗದಿಂದ ಅಲಗಿನ ಅಳತೆ ತೆಗೆಯಬೇಕು, ಕೆಲವು ಹಳೆಯ ಕಾರುಗಳಲ್ಲಿ ಎಂಜಿನ್‌ನ ಕಂಪ್ಯೂಟರನ್ನೇ ಬಿಚ್ಚಿ ಅದರ ಮೆಮೊರಿ ಓದಬೇಕು. 1990ರ ದಶಕದ ಕೊನೆಯ ಕೆಲವು ಫಿಯೆಟ್ ಕಾರುಗಳ ಜೊತೆ ಕೆಂಪು ತಲೆಯ ಮಾಸ್ಟರ್ ಕೀ ಬರುತ್ತಿತ್ತು. ಹೊಸ ಕೀ ಸೇರಿಸಲು ಅದೇ ಬೇಕು. ದಿನನಿತ್ಯ ಬಳಸಬೇಡಿ, ಭದ್ರವಾಗಿಡಿ ಎಂದು ಕಂಪನಿ ಹೇಳುತ್ತಿತ್ತು. ಜನ ಅದನ್ನು ಎಷ್ಟು ಭದ್ರವಾಗಿಟ್ಟರೆಂದರೆ ಆಮೇಲೆ ಅವರಿಗೇ ಸಿಗಲಿಲ್ಲ. ಕಂಪ್ಯೂಟರ್ ಬದಲಿಸಿದ ಖರ್ಚು ಕೆಲವರ ಪಾಲಿಗೆ ಕಾರಿನ ಉಳಿದ ಬೆಲೆಯ ಹತ್ತಿರಕ್ಕೆ ಹೋಯಿತು.

ಎರಡು ಕೀಗಳಿದ್ದು ಒಂದು ಕಳೆದಾಗ "ಇನ್ನೊಂದಿದೆಯಲ್ಲ" ಎಂದು ತಿಂಗಳುಗಟ್ಟಲೆ ಓಡಾಡುವವರು ನಮ್ಮಲ್ಲಿ ಬಹಳ. ಆ ಒಂದು ಇರುವಾಗಲೇ ಕೆಲಸ ಅಗ್ಗ ಮತ್ತು ಸುಲಭ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ಕೀ ಮಾಡುವವರು ದಿನಾ ನೋಡುತ್ತಾರೆ.

ಡೀಲರ್ ಬಳಿಯೋ, ಹೊರಗಿನವರ ಬಳಿಯೋ

ಡೀಲರ್ ಬಳಿ ಕೀ ಸಾಮಾನ್ಯವಾಗಿ ಚಾಸಿ ಸಂಖ್ಯೆಯ ಮೇಲೆ ಬರುತ್ತದೆ. ಅಲಗು ಕತ್ತರಿಸಿಯೇ ಇರುತ್ತದೆ. ಕೆಲವು ಜರ್ಮನ್ ಕಂಪನಿಗಳ ಕಾರುಗಳಲ್ಲಿ ಚಿಪ್‌ನೊಳಗಿನ ರಹಸ್ಯವೂ ಆ ಕಾರಿಗೆಂದೇ ಬರೆದು ಬಂದಿರುತ್ತದೆ. ಇಂಥ ಕಾರುಗಳ ಪಟ್ಟಿಯಲ್ಲಿ ಎಷ್ಟು ಕೀಗಳಿಗೆ ಜಾಗ ಎಂಬುದೂ ಮೊದಲೇ ನಿಗದಿ, ಎಂಟೋ ಹತ್ತೋ. ಕೆಲವು ಕಂಪನಿಗಳು 2018ರಿಂದ ಈಚೆಗೆ ಡಯಾಗ್ನಸ್ಟಿಕ್ ಸಾಕೆಟ್‌ನ ಹಿಂದೆ ಒಂದು ಕಾವಲು ಪೆಟ್ಟಿಗೆ ಇಟ್ಟಿವೆ, ಕಂಪನಿಯ ಸರ್ವರ್‌ನಲ್ಲಿ ಲಾಗಿನ್ ಆಗದ ಯಂತ್ರಕ್ಕೆ ಅದು ಬಾಗಿಲು ತೆರೆಯುವುದಿಲ್ಲ. ವಾರಂಟಿ ಇನ್ನೂ ಉಳಿದಿರುವ ಹೊಸ ಕಾರಿಗೆ ಡೀಲರ್ ಬಿಟ್ಟು ಬೇರೆ ಕಡೆ ಹೋಗಬೇಕೆಂದು ನಾನು ಹೇಳುವುದಿಲ್ಲ.

ಹಾಗೆಂದು ಡೀಲರ್ ಬಳಿ ಹೋದರೆ ಎಲ್ಲವೂ ತಾನಾಗಿಯೇ ಆಗುತ್ತದೆ ಎಂದಲ್ಲ. "ಹೊಸ ಕೀ ಬೇಕು" ಎಂದು ಕೇಳಿದರೆ ಹೊಸ ಕೀ ಕೊಡುತ್ತಾರೆ. ಹಳೆಯದನ್ನು ಅಳಿಸಬೇಕೆಂದು ನೀವು ಬಾಯಿಬಿಟ್ಟು ಹೇಳಬೇಕು, ಕೆಲಸದ ಚೀಟಿಯಲ್ಲಿ ಬರೆಸಬೇಕು. ಕೀ ಬರಲು ದಿನಗಳು ಹಿಡಿಯುತ್ತವೆ. ಎಲ್ಲ ಕೀಗಳೂ ಕಳೆದಿದ್ದರೆ ಕಾರನ್ನು ಎಳೆಸಿಕೊಂಡು ಹೋಗುವ ಖರ್ಚು ಬೇರೆ.

ಹೊರಗಿನ ಕುಶಲ ಕೀ ತಂತ್ರಜ್ಞರ ದೊಡ್ಡ ಅನುಕೂಲ, ಅವರು ಕಾರು ನಿಂತಲ್ಲಿಗೇ ಬರುತ್ತಾರೆ. ಬೀಗದೊಳಗೆ ಉಪಕರಣ ತೂರಿಸಿ ಅಲಗಿನ ಅಳತೆ ಓದಿ, ವ್ಯಾನಿನಲ್ಲೇ ಕತ್ತರಿಸಿ, ಆಟೆಲ್ ಅಥವಾ ಎಕ್ಸ್‌ಹಾರ್ಸ್‌ನಂಥ ಕಂಪನಿಗಳ ಯಂತ್ರ ಜೋಡಿಸಿ ನೋಂದಾಯಿಸುತ್ತಾರೆ. ಐದಾರು ವರ್ಷ ಹಳೆಯ ಸಾಮಾನ್ಯ ಕಾರಿಗೆ ನನ್ನ ಆಯ್ಕೆ ಇವರೇ. ಡೀಲರ್ "ಈ ಮಾದರಿಗೆ ಕಂಪ್ಯೂಟರ್ ಬದಲಿಸಬೇಕು" ಎಂದು ಕೈಚೆಲ್ಲಿದ ಕಡೆಯೂ ಇವರು ದಾರಿ ಹುಡುಕುವುದುಂಟು.

ಆದರೆ ನಿಮ್ಮ ಕಾರನ್ನು ಕೀ ಇಲ್ಲದೆ ತೆರೆದು, ಹೊಸ ಕೀ ಮಾಡಿ ಕೊಡಬಲ್ಲವರು ನಿಮಗೆ ಗೊತ್ತಿಲ್ಲದೆಯೂ ಇನ್ನೊಂದು ಮಾಡಿಕೊಳ್ಳಬಲ್ಲರು. ಬೇಲಿಯೇ ಹೊಲ ಮೇಯ್ದರೆ ಕಾಯುವವರಾರು? ಈ ಭಯಕ್ಕಾಗಿಯೇ ಕೆಲವು ದೇಶಗಳಲ್ಲಿ ವ್ಯವಸ್ಥೆಗಳಿವೆ. ಅಮೆರಿಕದಲ್ಲಿ ಎನ್‌ಎಎಸ್‌ಟಿಎಫ್ ಎಂಬ ಸಂಸ್ಥೆ ಹಿನ್ನೆಲೆ ಪರಿಶೀಲಿಸಿದ ತಂತ್ರಜ್ಞರನ್ನು ನೋಂದಾಯಿಸಿಕೊಳ್ಳುತ್ತದೆ. ಕೀ ಕೋಡ್, ಪಿನ್‌ಗಳು ಅವರ ಗುರುತಿನ ಮೇಲೆ ಬಿಡುಗಡೆಯಾಗುತ್ತವೆ, ಯಾರು ಯಾವ ಕಾರಿನದನ್ನು ಕೇಳಿದರು ಎಂಬ ದಾಖಲೆ ಉಳಿಯುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2023ರಿಂದ ಜಾರಿಗೆ ಬರುತ್ತಿರುವ ಸೆರ್ಮಿ ಎಂಬ ಮಾನ್ಯತೆಯೂ ಇದೇ ಉದ್ದೇಶದ್ದು. ಇಂಥ ವ್ಯವಸ್ಥೆ ಇಲ್ಲದ ಕಡೆ ನೀವೇ ಪರೀಕ್ಷಕರು. ನನ್ನ ಪರೀಕ್ಷೆ ಬಹಳ ಸರಳ: ಕೆಲಸ ಶುರು ಮಾಡುವ ಮೊದಲು ಕಾರಿನ ದಾಖಲೆ ಮತ್ತು ನನ್ನ ಗುರುತಿನ ಚೀಟಿ ಕೇಳಿದರೆ ಆ ತಂತ್ರಜ್ಞ ಒಳ್ಳೆಯವನು. ಕೇಳದಿದ್ದರೆ, ನಾಳೆ ಬೇರೆಯವರು ನನ್ನ ಕಾರು ತೋರಿಸಿದಾಗಲೂ ಅವನು ಕೇಳುವುದಿಲ್ಲ.

ಒಂದು ಮಾತಿಗೆ ಮಾತ್ರ ಎಂದೂ ಒಪ್ಪಬೇಡಿ. "ಇಮ್ಮೊ ಆಫ್ ಮಾಡಿಬಿಡೋಣ, ಇನ್ನು ಮುಂದೆ ಚಿಪ್ ಚಿಂತೆಯೇ ಇಲ್ಲ" ಎಂದು ಕೆಲವರು ಹೇಳುತ್ತಾರೆ. ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್‌ನಿಂದ ಇಮ್ಮೊಬಿಲೈಸರ್ ಪರೀಕ್ಷೆಯನ್ನೇ ತೆಗೆದುಹಾಕುವ ಕೆಲಸ ಅದು. ಅಗ್ಗ, ಬೇಗ, ಕಾರು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಬರೀ ಕತ್ತರಿಸಿದ ಲೋಹದ ತುಂಡಿಗೂ ಅದು ಸ್ಟಾರ್ಟ್ ಆಗುತ್ತದೆ. ವಿಮೆಯವರಿಗೆ ಇದು ತಿಳಿದರೆ ಪರಿಹಾರದ ಪ್ರಶ್ನೆ ಬಿಗಡಾಯಿಸಬಹುದು.

ತಾವೇ ಮಾಡಿಕೊಳ್ಳುವವರಿಗೆ

ಕೆಲವು ಫೋರ್ಡ್ ಮಾದರಿಗಳಲ್ಲಿ ಎರಡು ನೋಂದಾಯಿತ ಕೀಗಳಿದ್ದರೆ ಒಂದರ ಹಿಂದೊಂದರಂತೆ ಇಗ್ನಿಷನ್‌ನಲ್ಲಿ ತಿರುಗಿಸಿ, ಮೂರನೆಯದನ್ನು ತಾವೇ ಸೇರಿಸಬಹುದು. ಒಂದೇ ಇದ್ದರೆ ಆಗುವುದಿಲ್ಲ. ಇದರ ಹಿಂದಿನ ತರ್ಕ ನನಗೆ ಇಷ್ಟ: ಎರಡೂ ಕೀಗಳು ಇರುವವನು ಮಾಲೀಕನೇ ಇರಬೇಕು, ಪಾರ್ಕಿಂಗ್‌ನವನ ಕೈಗೆ ಕೊಟ್ಟ ಒಂದೇ ಕೀಯಿಂದ ಇನ್ನೊಂದು ಹುಟ್ಟಬಾರದು. ಜನರಲ್ ಮೋಟರ್ಸ್‌ನ ಕೆಲವು ಹಳೆಯ ಕಾರುಗಳಲ್ಲಿ ಕೀ ತಿರುಗಿಸಿ ಹತ್ತು ಹತ್ತು ನಿಮಿಷ ಮೂರು ಸಲ ಕಾದರೆ ಕಾರು ಹೊಸ ಕೀಯನ್ನು ಕಲಿತುಬಿಡುತ್ತದೆ, ಹಳೆಯದು ಬೇಕಿಲ್ಲ. ಮಾಲೀಕನಿಗೆ ವರ, ಅರ್ಧ ಗಂಟೆ ತಾಳ್ಮೆಯಿರುವ ಕಳ್ಳನಿಗೂ ವರ.

ಆನ್‌ಲೈನ್‌ನಲ್ಲಿ ಕೀ ತರಿಸುವವರು ನೋಡಬೇಕಾದದ್ದು ಹೊರಗಿನ ಆಕಾರವನ್ನಲ್ಲ, ಪಾರ್ಟ್ ನಂಬರನ್ನು ಮತ್ತು ತರಂಗಾಂಕವನ್ನು. ಉತ್ತರ ಅಮೆರಿಕ ಮತ್ತು ಜಪಾನಿನ ಅನೇಕ ರಿಮೋಟ್‌ಗಳು 315 ಮೆಗಾಹರ್ಟ್ಸ್, ಯುರೋಪ್ ಮತ್ತು ಏಷ್ಯಾದ ಬಹುಭಾಗದವು 433.92. ತದ್ರೂಪವಾಗಿ ಕಂಡ ಕೀ ನಿಮ್ಮ ಕಾರಿನ ಜೊತೆ ಮಾತೇ ಆಡದಿರಬಹುದು. ಬಳಸಿದ ಸ್ಮಾರ್ಟ್ ಕೀಗಳು ಇನ್ನೂ ಕಷ್ಟ. ಅನೇಕ ಕಂಪನಿಗಳ ಕೀ ಒಮ್ಮೆ ಒಂದು ಕಾರಿಗೆ ನೋಂದಣಿಯಾದರೆ ಅದಕ್ಕೇ ಬೀಗ ಬಿದ್ದಂತೆ, ಇನ್ನೊಂದು ಕಾರಿಗೆ ಸೇರುವುದಿಲ್ಲ.

ಹೊರಗಿನ ಪ್ಲಾಸ್ಟಿಕ್ ಮಾತ್ರ ಒಡೆದಿದ್ದರೆ ಖಾಲಿ ಕವಚ ಕೊಂಡು ಒಳಗಿನದನ್ನು ಅದಕ್ಕೆ ವರ್ಗಾಯಿಸುವುದೇ ಎಲ್ಲಕ್ಕಿಂತ ಒಳ್ಳೆಯದು. ಯಾವ ನೋಂದಣಿಯೂ ಬೇಡ. ಇಲ್ಲಿ ಒಂದು ಎಚ್ಚರ. ಕವಚ ಬಿಚ್ಚಿದಾಗ ಹಸಿರು ಬೋರ್ಡ್ ಕಾಣುತ್ತದೆ, ಅದನ್ನು ತೆಗೆದು ಹೊಸದರಲ್ಲಿ ಕೂರಿಸುತ್ತೀರಿ. ಕೆಲವು ಕೀಗಳಲ್ಲಿ ಇಮ್ಮೊಬಿಲೈಸರ್ ಚಿಪ್ ಆ ಬೋರ್ಡಿನಲ್ಲಿ ಇರುವುದಿಲ್ಲ. ಅಲಗಿನ ಬುಡದ ಹತ್ತಿರ, ಪ್ಲಾಸ್ಟಿಕ್‌ನ ಪುಟ್ಟ ಗೂಡಿನಲ್ಲಿ ಕಪ್ಪು ಇಟ್ಟಿಗೆಯಂತೆ ಅಥವಾ ಗಾಜಿನ ಸಣ್ಣ ಕೊಳವೆಯಂತೆ ಕೂತಿರುತ್ತದೆ, ಅಂಟು ಹಾಕಿದ್ದರೆ ಕವಚದ್ದೇ ಭಾಗವೆನಿಸುತ್ತದೆ. ಹಳೆಯ ಕವಚದ ಜೊತೆ ಅದನ್ನು ಕಸಕ್ಕೆ ಎಸೆದು, ಹೊಸ ಕೀಯಲ್ಲಿ ಬಾಗಿಲು ತೆರೆದು ಎಂಜಿನ್ ಏಳದೆ ತಲೆ ಕೆರೆದುಕೊಳ್ಳುವವರಿದ್ದಾರೆ. ಕಾರು ಒಮ್ಮೆ ಸ್ಟಾರ್ಟ್ ಆಗುವವರೆಗೆ ಹಳೆಯ ಕವಚವನ್ನು ಮೇಜಿನ ಮೇಲೇ ಇಟ್ಟುಕೊಳ್ಳಿ.

ಗುಂಡಿ ಒತ್ತುವ ಕೀಯೋ, ಜೇಬಿನಲ್ಲೇ ಇರುವ ಕೀಯೋ

ಜೇಬಿನಿಂದ ಹೊರತೆಗೆಯದೆಯೇ ಬಾಗಿಲು ತೆರೆಯುವ ಸ್ಮಾರ್ಟ್ ಕೀಯ ಸಮಸ್ಯೆ ಅದರ ವಿಧೇಯತೆ. ಕಾರು ಕರೆದರೆ ಉತ್ತರಿಸುತ್ತದೆ. ಕರೆದದ್ದು ಕಾರೇ ಹೌದೋ, ಅಥವಾ ಕಾರಿನ ಧ್ವನಿಯನ್ನು ದೂರದಿಂದ ತಂದು ಮುಟ್ಟಿಸಿದವರೋ ಎಂದು ಅದಕ್ಕೆ ತಿಳಿಯದು. ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ಮನೆಯ ಬಾಗಿಲ ಪಕ್ಕ ನಿಂತು ನಡುವೆ ಸಂಕೇತವನ್ನು ಸಾಗಿಸಿದರೆ, ಒಳಗೆ ಮೇಜಿನ ಮೇಲಿರುವ ಕೀ ಜೇಬಿನಲ್ಲಿದೆ ಎಂದೇ ಕಾರು ನಂಬುತ್ತದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಎಂಟು ಕಂಪನಿಗಳ ಹತ್ತು ಮಾದರಿಗಳ ಮೇಲೆ ಇದನ್ನು ಪ್ರಯೋಗಿಸಿದರು, ಹತ್ತೂ ಸೋತವು. ಗೂಢಲಿಪಿ ಎಷ್ಟೇ ಬಲವಾಗಿದ್ದರೂ ಇಲ್ಲಿ ಉಪಯೋಗವಿಲ್ಲ. ಯಾರೂ ಅದನ್ನು ಒಡೆಯುತ್ತಿಲ್ಲ, ಸಾಗಿಸುತ್ತಿದ್ದಾರೆ ಅಷ್ಟೆ.

ಗೂಢಲಿಪಿಯೇ ದುರ್ಬಲವಾಗಿದ್ದ ಉದಾಹರಣೆಗಳಿಗೂ ಕೊರತೆಯಿಲ್ಲ. ರಹಸ್ಯ ಸಂಖ್ಯೆ 40 ಬಿಟ್‌ಗಳಷ್ಟೇ ಉದ್ದವಿದ್ದ ಒಂದು ಕೀ ಚಿಪ್‌ನ ಗೂಢಲಿಪಿಯನ್ನು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡವೊಂದು 2005ರಲ್ಲೇ ಮುರಿದು ತೋರಿಸಿತ್ತು. ಅದೇ ಗೂಢಲಿಪಿ ಟೆಸ್ಲಾ ಮಾಡೆಲ್ ಎಸ್‌ನ ಕೀಯಲ್ಲಿ ಇರುವುದನ್ನು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು 2018ರಲ್ಲಿ ಬಯಲು ಮಾಡಿದರು, ಕ್ಷಣಗಳಲ್ಲಿ ಅದನ್ನು ನಕಲು ಮಾಡಿಯೂ ತೋರಿಸಿದರು. ಹದಿಮೂರು ವರ್ಷ! ಓಡಿಸುವ ಮೊದಲು ಪರದೆಯಲ್ಲಿ ಪಿನ್ ಒತ್ತುವ ಸೌಲಭ್ಯ ಟೆಸ್ಲಾದಲ್ಲಿ ಬಂದದ್ದು ಆ ವರ್ಷವೇ. ಇನ್ನೊಂದು ಜನಪ್ರಿಯ ಚಿಪ್‌ನ ದೌರ್ಬಲ್ಯದ ಪ್ರಬಂಧ ಪ್ರಕಟವಾಗದಂತೆ ಫೋಕ್ಸ್‌ವ್ಯಾಗನ್ 2013ರಲ್ಲಿ ಬ್ರಿಟನ್‌ನ ನ್ಯಾಯಾಲಯದಿಂದ ತಡೆ ತಂದಿತ್ತು. ಅದು ಹೊರಬಂದದ್ದು 2015ರಲ್ಲಿ. ಆ ಎರಡು ವರ್ಷ ಕಾರಿನ ಮಾಲೀಕರಿಗೆ ತಮ್ಮ ಕೀಯ ಬಗ್ಗೆ ಗೊತ್ತಾಗಬೇಕಿದ್ದದ್ದು ಗೊತ್ತಾಗಲಿಲ್ಲ.

ಹೊಸ ಕೀ ಕೊಳ್ಳುವ ಸಂದರ್ಭ ಇದನ್ನೆಲ್ಲ ಸರಿಮಾಡಿಕೊಳ್ಳುವ ಅವಕಾಶವೂ ಹೌದು. ನಿಮ್ಮ ಮಾದರಿಗೆ ಸುಧಾರಿತ ಕೀ ಬಂದಿದೆಯೇ ಎಂದು ಕೇಳಿ. ಫೋರ್ಡ್ 2019ರಲ್ಲಿ ಯುರೋಪಿನ ಫಿಯೆಸ್ಟಾ, ಫೋಕಸ್ ಕಾರುಗಳಿಗೆ ಅಲುಗಾಟ ಗ್ರಹಿಸುವ ಕೀ ತಂದಿತು. ಸ್ವಲ್ಪ ಹೊತ್ತು ಅಲುಗದೆ ಬಿದ್ದಿದ್ದರೆ ಅದು ನಿದ್ದೆಹೋಗುತ್ತದೆ, ರಾತ್ರಿ ಮೇಜಿನ ಮೇಲಿದ್ದಾಗ ಯಾರು ಕರೆದರೂ ಮಾತಾಡುವುದಿಲ್ಲ. ಇದಕ್ಕಿಂತ ಮುಂದಿನದು ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ರೇಡಿಯೊ ತಂತ್ರ: ಸಂಕೇತ ಹೋಗಿ ಬರುವ ಸಮಯವನ್ನು ಅಳೆದು ಕೀ ನಿಜವಾಗಿ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಬೆಳಕಿನ ವೇಗವನ್ನು ಕಳ್ಳ ಹೆಚ್ಚಿಸಲಾರ.

ಇವೆರಡೂ ಇಲ್ಲದ ಕೀಯಾದರೆ ಜೇಬಿನಿಂದಲೇ ತೆರೆಯುವ ಸೌಲಭ್ಯವನ್ನೇ ಆಫ್ ಮಾಡಬಹುದು. ಅನೇಕ ಟೊಯೊಟಾ ಕೀಗಳಲ್ಲಿ ಲಾಕ್ ಗುಂಡಿ ಒತ್ತಿ ಹಿಡಿದು ಅನ್‌ಲಾಕ್ ಗುಂಡಿಯನ್ನು ಎರಡು ಸಲ ಒತ್ತಿದರೆ ಪುಟ್ಟ ದೀಪ ನಾಲ್ಕು ಸಲ ಮಿನುಗಿ, ಕೀ ಮೌನವಾಗುತ್ತದೆ. ಬ್ಯಾಟರಿ ಉಳಿಸುವ ವಿಧಾನವೆಂದು ಕೈಪಿಡಿ ಇದನ್ನು ಕರೆಯುತ್ತದೆ, ಕಾರನ್ನೂ ಉಳಿಸುತ್ತದೆ. ಸಂಕೇತ ತಡೆಯುವ ಚೀಲ ಕೊಂಡರೆ, ಕೀಯನ್ನು ಅದರಲ್ಲಿ ಹಾಕಿ ಕಾರಿನ ಬಾಗಿಲ ಪಕ್ಕ ನಿಂತು ಹಿಡಿಕೆ ಎಳೆದು ನೋಡಿ. ಬಾಗಿಲು ತೆರೆದರೆ ಅದು ಬರೀ ಚೀಲ. ಮಡಿಕೆಗಳು ಸವೆದಂತೆ ಒಳ್ಳೆಯ ಚೀಲವೂ ಸೋರುತ್ತದೆ, ಆಗಾಗ ಹೀಗೆ ನೋಡುತ್ತಿರಬೇಕು.

ಆಯ್ಕೆ ಇದ್ದರೆ ನಾನು ಗುಂಡಿ ಒತ್ತುವ ಸಾದಾ ಕೀಯನ್ನೇ ಆರಿಸುತ್ತೇನೆ. ಜೇಬಿಗೆ ಕೈ ಹಾಕುವುದು ನನಗೇನೂ ಅಂಥ ಶ್ರಮವಲ್ಲ.

ಯಾವ ಕೀ ಆರಿಸಿದರೂ ತಡೆಯಲಾಗದ ಒಂದು ದಾಳಿಯೂ ಇದೆ. ಬ್ರಿಟನ್‌ನ ಭದ್ರತಾ ಸಂಶೋಧಕರೊಬ್ಬರ ಟೊಯೊಟಾ ಕಾರೇ ಹೀಗೆ ಕಳವಾಗಿ, ಅದರ ವಿವರ 2023ರಲ್ಲಿ ಪ್ರಕಟವಾಯಿತು. ಕಳ್ಳರು ಹೆಡ್‌ಲೈಟ್ ಪಕ್ಕದ ವೈರುಗಳಿಗೆ ಯಂತ್ರ ಜೋಡಿಸಿ, "ಸರಿಯಾದ ಕೀ ಒಳಗಿದೆ" ಎಂಬ ಸುಳ್ಳು ಸಂದೇಶವನ್ನು ನೇರವಾಗಿ ಕಾರಿನ ಆಂತರಿಕ ಜಾಲಕ್ಕೇ ಹಾಕಿದ್ದರು. ಇಂಥ ಕಡೆ ಸ್ಟಿಯರಿಂಗ್‌ಗೆ ಹಾಕುವ ಹಳೆಯ ಕಾಲದ ಕಬ್ಬಿಣದ ಸಲಾಕೆಗೆ ಮರ್ಯಾದೆ ಇದೆ. ಅದಕ್ಕೆ ಸಾಫ್ಟ್‌ವೇರ್ ಇಲ್ಲ.

ಫೋನೇ ಕೀ ಆದರೆ

ಫೋನನ್ನೇ ಕೀಯಾಗಿ ಬಳಸಲು ಕಾರ್ ಕನೆಕ್ಟಿವಿಟಿ ಕನ್ಸಾರ್ಷಿಯಂ ಎಂಬ ಒಕ್ಕೂಟ ಮಾನಕ ರೂಪಿಸಿದೆ. ಆಪಲ್ 2020ರಲ್ಲಿ ಬಿಎಂಡಬ್ಲ್ಯು ಜೊತೆ ಶುರು ಮಾಡಿದಾಗ ಫೋನನ್ನು ಬಾಗಿಲ ಹಿಡಿಕೆಗೆ ತಾಗಿಸಬೇಕಿತ್ತು. ಮಾನಕದ 2021ರ ಮೂರನೆಯ ಆವೃತ್ತಿಯಿಂದ ಬ್ಲೂಟೂತ್ ಮತ್ತು ಅಲ್ಟ್ರಾ ವೈಡ್‌ಬ್ಯಾಂಡ್ ಸೇರಿ ಜೇಬಿನಿಂದಲೇ ಕೆಲಸ ಆಗುತ್ತದೆ. ನನ್ನ ಮೊದಲ ಪ್ರಶ್ನೆಗೆ ಇದರಷ್ಟು ನೇರವಾಗಿ ಉತ್ತರಿಸುವ ಕೀ ಬೇರೆ ಇಲ್ಲ. ಯಾರ ಬಳಿ ಕೀ ಇದೆ ಎಂಬ ಪಟ್ಟಿ ಪರದೆಯ ಮೇಲೇ ಇರುತ್ತದೆ, ಬೇಡವಾದವರದನ್ನು ಅಲ್ಲಿಂದಲೇ ರದ್ದು ಮಾಡಬಹುದು.

ತೊಂದರೆಗಳೂ ಫೋನಿನವೇ. ಚಾರ್ಜ್ ಮುಗಿದ ಮೇಲೆ ಕೆಲವು ಐಫೋನ್‌ಗಳಲ್ಲಿ ಐದು ಗಂಟೆಯವರೆಗೆ ಕೀ ನಡೆಯುತ್ತದೆ, ಅಷ್ಟೇ. ಖಾತೆಯ ಪಾಸ್‌ವರ್ಡ್ ಕದ್ದವನಿಗೆ ಕಾರಿನ ದಾರಿಯೂ ತೆರೆಯಬಹುದು. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹಿಂದಿನ ಮಾಲೀಕರ ಖಾತೆ ಹಾಗೆಯೇ ಉಳಿದಿದ್ದರೆ ಅವರು ತಮ್ಮ ಫೋನಿನಿಂದ ನಿಮ್ಮ ಕಾರು ನಿಂತ ಜಾಗ ನೋಡಬಹುದು, ಬಾಗಿಲೂ ತೆರೆಯಬಹುದು. ನನಗೆ ಮಾರಿದವರ ಮನೆಯ "ಎಲ್ಲೋ ಇರುವ" ಕೀಯ ಹೊಸ ಅವತಾರ ಇದು. ಕೊಂಡ ದಿನವೇ ಕಾರನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಹಳೆಯ ಖಾತೆಯಿಂದ ತೆಗೆಸಿ, ನಿಮ್ಮದನ್ನು ಸೇರಿಸಿ. ಎರಡನೆಯ ಕೀಯಾಗಿ ಫೋನ್ ಬಹಳ ಒಳ್ಳೆಯದು, ಒಂದೇ ಕೀಯಾಗಿ ನಾನು ನಂಬುವುದಿಲ್ಲ.

ನಾನಾದರೆ

ಕೀ ಎಲ್ಲೋ ಬಿದ್ದುಹೋಗಿದೆ, ಕಾರಿನ ಗುರುತು ಅದರಲ್ಲಿಲ್ಲ, ಬಿದ್ದದ್ದು ದೂರದ ಊರಿನಲ್ಲಿ: ಹೊಸದನ್ನು ನೋಂದಾಯಿಸುವಾಗಲೇ ಹಳೆಯದನ್ನು ಅಳಿಸಿದರೆ ಸಾಕು, ಬೀಗ ಮುಟ್ಟಬೇಕಿಲ್ಲ. ಕೀಯ ಜೊತೆ ವಿಳಾಸವಿರುವ ಚೀಟಿಯೋ ಪರ್ಸೋ ಹೋಗಿದ್ದರೆ, ಅಥವಾ ಮನೆಯೊಳಗಿಂದಲೇ ಕಳುವಾಗಿದ್ದರೆ ಅದೇ ದಿನ ಕಾರನ್ನು ಬೇರೆ ಕಡೆ ನಿಲ್ಲಿಸಿ, ವಿಮೆಯವರಿಗೆ ತಿಳಿಸಿ, ಚಿಪ್ ಅಳಿಸಿ, ಹಳೆಯ ಅಲಗಿಗೆ ತೆರೆಯದಂತೆ ಬಾಗಿಲಿನ ಬೀಗದ ಒಳಗಿನ ಲೋಹದ ಪಟ್ಟಿಗಳನ್ನೂ ಬದಲಾಯಿಸುತ್ತೇನೆ. ಪಿನ್ ಬರೆದ ಕಾರ್ಡ್, ಕೀ ಸಂಖ್ಯೆಯ ಪುಟ್ಟ ತಗಡು ಎರಡೂ ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇರಬಾರದು. ಹೊಸ ಕಾರಿನ ಸಂಭ್ರಮದಲ್ಲಿ ಕೀಯ ಫೋಟೊ ಹಾಕುವವರಿಗೂ ಒಂದು ಮಾತು: ಅಲಗಿನ ಕಚ್ಚುಗಳು ಸ್ಪಷ್ಟವಾಗಿ ಕಂಡರೆ ಫೋಟೊ ನೋಡಿಯೇ ಇನ್ನೊಂದು ಕತ್ತರಿಸಬಹುದು.

ನನ್ನ ಕಾರಿಗೆ ಕೊನೆಗೆ ಎರಡು ಹೊಸ ಕೀಗಳನ್ನು ತರಿಸಿದೆ. ತಂತ್ರಜ್ಞ ಎಲ್ಲವನ್ನೂ ಅಳಿಸಿ ಅವೆರಡನ್ನೇ ಸೇರಿಸಿದ. ಪರದೆಯಲ್ಲಿ ಮತ್ತೆ 2 ಎಂದಿತ್ತು. ಹಿಂದಿನ ಸಲವೂ ಅದೇ ಸಂಖ್ಯೆ ಇತ್ತಲ್ಲ ಎಂದು ನಾನು ಅನುಮಾನಪಟ್ಟಾಗ ಅವನು ನಕ್ಕು, ನನ್ನ ಹಳೆಯ ನಕಲನ್ನು ಕೈಗಿಟ್ಟು "ನೀವೇ ಹಾಕಿ ನೋಡಿ" ಎಂದ. ಹಾಕಿ ತಿರುಗಿಸಿದೆ. ಎಂಜಿನ್ ಒಂದು ಕ್ಷಣ ಕೆಮ್ಮಿ ನಿಂತಿತು, ಮೀಟರ್ ಫಲಕದಲ್ಲಿ ಕೀ ಚಿತ್ರದ ಹಳದಿ ದೀಪ ಮಿನುಗತೊಡಗಿತು. ಇಳಿದು ಅದೇ ಕೀಯಿಂದ ಬಾಗಿಲ ಬೀಗ ತಿರುಗಿಸಿದೆ. ಅದು ಸಲೀಸಾಗಿ ತಿರುಗಿತು. ಬೀಗ ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿದೆ.